ಕೈಗುಣ: ಪಿರ್ಸಿಗ್ ಓದು ಮತ್ತು ಕಟ್ಟಾಯದ ಒಂದು ಬ್ಯಾಂಟಮ್

1

ಯಾರೋ ಮಾಡಿದ ಸಾರು ರುಚಿಯಾದರೆ, ನೆಟ್ಟ ಸಸಿ ಹಿಡಿದುಕೊಂಡರೆ, ಕೊಟ್ಟ ಔಷಧಿ ನಾಟಿದರೆ ನಾವು 'ಅವರ ಕೈಗುಣ ಚೆನ್ನಾಗಿದೆ' ಅನ್ನುತ್ತೇವೆ. ಸೂಲಗಿತ್ತಿಗೆ, ನಾಟಿ ವೈದ್ಯರಿಗೆ, ಅಡುಗೆಯವರಿಗೆ, ಮೆಕ್ಯಾನಿಕ್ಕಿಗೆ ಈ ಮಾತು ಸಲ್ಲುತ್ತದೆ. ಕವಿಗೆ ಸಲ್ಲುವುದಿಲ್ಲ. ಕವಿಗೆಂದು ನಾವು ಬೇರೆ ಪದವನ್ನೇ ಎತ್ತಿಟ್ಟಿದ್ದೇವೆ: ಪ್ರತಿಭೆ. ಅದೊಂದೇ ಸಾಲದೆಂದು ನಮ್ಮ ಕಾವ್ಯಮೀಮಾಂಸೆ ವ್ಯುತ್ಪತ್ತಿ, ಅಭ್ಯಾಸಗಳನ್ನೂ ಕಾವ್ಯಹೇತುಗಳಲ್ಲಿ ಸೇರಿಸಿತು. ಕವಿಯಾದವನು ಹುಟ್ಟಿನಿಂದ ಏನನ್ನೋ ಪಡೆದಿರುತ್ತಾನೆ, ಲೋಕವನ್ನೂ ಶಾಸ್ತ್ರವನ್ನೂ ತಿಳಿದಿರುತ್ತಾನೆ, ಮತ್ತೆ ಮತ್ತೆ ಬರೆದು ಪಳಗಿರುತ್ತಾನೆ. ಮೆಕ್ಯಾನಿಕ್ಕಿನ ವಿಷಯಕ್ಕೆ ಬಂದಾಗ ಈ ಮೂರೂ ಕರಗಿ 'ಕೈಗುಣ' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತವೆ. ಅವನು ಏನು ಓದಿಕೊಂಡ, ಎಷ್ಟು ವರ್ಷ ಯಾರ ಹತ್ತಿರ ಕಲಿತ ಎಂದು ನಾವು ಕೇಳುವುದಿಲ್ಲ. ಕೈಯಲ್ಲಿ ಗುಣವಿದೆ ಎಂದ ಮೇಲೆ ಕೇಳುವುದಕ್ಕೆ ಏನು ಉಳಿಯಿತು?

ಹೊಗಳಿಕೆಯ ಹಾಗೆ ಕಾಣುವ ಈ ಪದ ಯಾರಿಗೆ ಏನನ್ನು ಕೊಡುತ್ತದೆ, ಏನನ್ನು ಕೊಡದೆ ಉಳಿಸಿಕೊಳ್ಳುತ್ತದೆ ಎಂಬುದು ನನ್ನ ಪ್ರಶ್ನೆ. ಅದನ್ನು ಕೇಳಿಕೊಳ್ಳಲು ಎರಡು ಆಕರಗಳನ್ನು ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಒಂದು, ಬೈಕು ರಿಪೇರಿಯ ಬಗ್ಗೆ ಜಗತ್ತಿನಲ್ಲಿ ಬಹುಶಃ ಅತಿ ಹೆಚ್ಚು ಜನ ಓದಿದ ತಾತ್ವಿಕ ಪುಸ್ತಕ. ಇನ್ನೊಂದು, ಹಾಸನ ತಾಲ್ಲೂಕಿನ ನಮ್ಮ ಕಟ್ಟಾಯದ ಮನೆಯಲ್ಲಿರುವ ಒಂದು ಬಿಎಸ್‌ಎ ಬ್ಯಾಂಟಮ್ ಬೈಕು. ಮೊದಲನೆಯದನ್ನು ಎಂ.ಎ. ಓದುವಾಗಿನಿಂದ ಓದುತ್ತಿದ್ದೇನೆ. ಎರಡನೆಯದನ್ನು ಓದಲು ಕಲಿಸಿದವರು ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್. ನಾವೆಲ್ಲ ಅವರನ್ನು 'ಸಾಬ್ರು' ಎಂದೇ ಕರೆಯುವುದು. ಈ ಬರಹದಲ್ಲಿ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, "ಬ್ಯಾಡಪ್ಪಾ, ಆಮೇಲೆ ಎಲ್ರೂ ಹಳೇ ಗಾಡಿ ತಂದು ಇಲ್ಲೇ ನಿಲ್ಲಿಸ್ತಾರೆ" ಎಂದು ನಕ್ಕರು. ಹಾಗಾಗಿ ಹೆಸರು ಹಾಕಿಲ್ಲ.

2

ರಾಬರ್ಟ್ ಪಿರ್ಸಿಗ್ ಅವರ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್' 1974ರಲ್ಲಿ ಪ್ರಕಟವಾಯಿತು. 121 ಪ್ರಕಾಶಕರು ನಿರಾಕರಿಸಿದ ಹಸ್ತಪ್ರತಿ ಅದು ಎಂಬುದು ಈಗ ಪ್ರಸಿದ್ಧ ಸಂಗತಿ. ತಂದೆಯೊಬ್ಬ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟದಿಂದ ಕ್ಯಾಲಿಫೋರ್ನಿಯಾದವರೆಗೆ ಬೈಕಿನಲ್ಲಿ ಹೋಗುತ್ತಾನೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉಪನ್ಯಾಸ ಕೊಟ್ಟುಕೊಳ್ಳುತ್ತಾನೆ. ಆ ಉಪನ್ಯಾಸದ ಕೇಂದ್ರದಲ್ಲಿ 'ಕ್ವಾಲಿಟಿ' ಎಂಬ ಪರಿಕಲ್ಪನೆಯಿದೆ. ಅದನ್ನು ವ್ಯಾಖ್ಯಾನಿಸಲು ಆಗದು, ಆದರೆ ಎದುರಿಗೆ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನೋಡುವವನು ಬೇರೆ, ನೋಡಲ್ಪಡುವ ವಸ್ತು ಬೇರೆ ಎಂಬ ವಿಭಜನೆ ಹುಟ್ಟುವುದಕ್ಕೆ ಮುಂಚೆಯೇ ಅದು ಘಟಿಸುತ್ತದೆ. ಬೈಕನ್ನು ಅಕ್ಕರೆಯಿಂದ, ಗಮನವಿಟ್ಟು ರಿಪೇರಿ ಮಾಡುವವನು ಆ ಒಡಕನ್ನು ತನ್ನೊಳಗೇ ಬೆಸೆಯುತ್ತಾನೆ. ಪುಸ್ತಕದ ತಿರುಳು ಸ್ಥೂಲವಾಗಿ ಇದು.

ಈ ಪುಸ್ತಕವನ್ನು ನಮ್ಮ ಜಿಲ್ಲೆಯಲ್ಲಿ ಕೂತು ಓದಿದಾಗ ಕೆಲವು ಕಡೆ ಓದು ತಡೆದು ನಿಲ್ಲುತ್ತದೆ. ಆರಂಭದಲ್ಲೇ ಒಂದು ಗ್ಯಾರೇಜಿನ ಪ್ರಸಂಗ ಬರುತ್ತದೆ. ನಿರೂಪಕನ ಎಂಜಿನ್ ಪದೇ ಪದೇ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಹುಡುಗರು ರೇಡಿಯೋ ಜೋರಾಗಿ ಹಾಕಿಕೊಂಡು, ತಮಾಷೆ ಮಾಡಿಕೊಂಡು, ಇರುವ ಬೈಕನ್ನೂ ಕೆಡಿಸುತ್ತಾರೆ. ಕೊನೆಗೆ ನೋಡಿದರೆ ಎಣ್ಣೆ ಸಾಗುವ ದಾರಿಯ ಒಂದು ಸಣ್ಣ ಪಿನ್ ಮುರಿದಿರುತ್ತದೆ, ಅದನ್ನು ಕಂಡುಹಿಡಿಯುವವನು ನಿರೂಪಕನೇ. ಆ ಹುಡುಗರು ಮಾಡುವವರಲ್ಲ, ಬರೀ ನೋಡುವವರು ಎಂಬ ತೀರ್ಮಾನಕ್ಕೆ ಅವನು ಬರುತ್ತಾನೆ. ಇಡೀ ಪುಸ್ತಕದ ವಾದ ಹೊರಡುವುದು ಈ ಅಸಮಾಧಾನದಿಂದ.

ನಮ್ಮ ಕಡೆ ರೇಡಿಯೋ ಅಥವಾ ಮೊಬೈಲು ಹಾಡದ ಗ್ಯಾರೇಜನ್ನು ನಾನು ಕಂಡಿಲ್ಲ. ಸಾಬ್ರ ಗ್ಯಾರೇಜಿನಲ್ಲಿ ಬೆಳಗಿನಿಂದ ಹಳೆಯ ಚಿತ್ರಗೀತೆ ನಡೆಯುತ್ತಿರುತ್ತದೆ. ಕಿಕ್ಕರ್ ಮೇಲೆ ಕಾಲಿಡುವ ಮುನ್ನ ಅವರು ಹಾಡನ್ನು ತಗ್ಗಿಸುತ್ತಾರೆ. ಎಂಜಿನ್ ಹತ್ತಿಕೊಂಡ ಮೇಲೆ ಅರ್ಧ ನಿಮಿಷ ತಲೆ ಓರೆ ಮಾಡಿ ಕೇಳುತ್ತಾರೆ. ಆಮೇಲೆ ಹಾಡು ಮೊದಲಿನಂತೆ. ಪಿರ್ಸಿಗ್‌ರ ನಿರೂಪಕ ರೇಡಿಯೋವನ್ನು ಅನಾಸಕ್ತಿಯ ಗುರುತಾಗಿ ಓದಿದ. ಅದು ಅಲ್ಲಿಗೆ ನಿಜವಿರಬಹುದು. ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಇನ್ನೊಬ್ಬರ ಗಾಡಿ ಬಿಚ್ಚುವವರ ಗಮನಕ್ಕೂ, ತನ್ನ ಒಂದೇ ಬೈಕನ್ನು ಬಿಡುವಿನಲ್ಲಿ ಬಿಚ್ಚುವವನ ಗಮನಕ್ಕೂ ಬೇರೆ ಬೇರೆ ಲಯವಿರುತ್ತದೆ ಎಂಬುದು ಆ ಪುಟಗಳಲ್ಲಿ ಬರುವುದಿಲ್ಲ.

ಇನ್ನೊಂದು ಪ್ರಸಂಗ ಪುಸ್ತಕದ ಓದುಗರಿಗೆಲ್ಲ ನೆನಪಿರುವಂಥದ್ದು. ಗೆಳೆಯ ಜಾನ್‌ನ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲ್ ಸಡಿಲವಾಗಿರುತ್ತದೆ. ಬಿಯರ್ ಡಬ್ಬಿಯ ತಗಡನ್ನು ಕತ್ತರಿಸಿ ನಡುವೆ ತೂರಿಸಿದರೆ ಗಟ್ಟಿಯಾಗುತ್ತದೆ ಎಂದು ನಿರೂಪಕ ಸೂಚಿಸುತ್ತಾನೆ. ದುಬಾರಿ ಜರ್ಮನ್ ಬೈಕಿಗೆ ಡಬ್ಬಿಯ ತಗಡೇ ಎಂದು ಜಾನ್ ಮುಖ ಗಂಟುಹಾಕುತ್ತಾನೆ. ವಸ್ತುವಿನ ರೂಪವನ್ನು ಕಾಣುವ ಮನಸ್ಸು, ಅದರ ಒಳರಚನೆಯನ್ನು ಕಾಣುವ ಮನಸ್ಸು ಎಂಬ ದೊಡ್ಡ ವರ್ಗೀಕರಣವನ್ನೇ ಪಿರ್ಸಿಗ್ ಇದರಿಂದ ಎಬ್ಬಿಸುತ್ತಾರೆ. ನಾನು ಇದನ್ನು ಸಾಬ್ರಿಗೆ ಹೇಳಿದಾಗ ಅವರು ಮುಂದೇನಾಯಿತು ಎಂದು ಕಾದರು. ಅಷ್ಟೇ ಎಂದೆ. "ಇದ್ರಲ್ಲಿ ಕತೆ ಏನ್ ಬಂತು ಮೇಷ್ಟ್ರೇ?" ಎಂದರು. ತಗಡು ಕತ್ತರಿಸಿ ತೂರಿಸುವುದು ಅವರಿಗೆ ಬೆಳಗಿನ ಟೀ ಕುಡಿಯುವಷ್ಟೇ ಸಹಜ. ಅಮೆರಿಕದ ಮಧ್ಯಮ ವರ್ಗದಲ್ಲಿ ತಾತ್ವಿಕ ಬಿಕ್ಕಟ್ಟಾಗುವ ಸಂಗತಿ ಹಾಸನದ ಗ್ಯಾರೇಜಿನಲ್ಲಿ ಹೇಳಿಕೊಳ್ಳಲೂ ಯೋಗ್ಯವಲ್ಲದ ರೂಢಿ. ಅದು ಪುಸ್ತಕದ ದೋಷವಲ್ಲ. ಆದರೆ ಆ ತತ್ವ ಯಾರ ಅನುಭವವನ್ನು ಎಲ್ಲರ ಅನುಭವವೆಂದು ಹೇಳುತ್ತಿದೆ ಎಂದು ಇಲ್ಲಿ ತಿಳಿಯುತ್ತದೆ.

ಪುಸ್ತಕಕ್ಕೆ ಅನ್ಯಾಯ ಮಾಡಬಾರದು. ಅದರಲ್ಲಿ ಒಳ್ಳೆಯ ಕೆಲಸಗಾರರೂ ಇದ್ದಾರೆ. ದಾರಿಯಲ್ಲಿ ಬಿಲ್ ಎಂಬ ಮೆಕ್ಯಾನಿಕ್ ಸಿಗುತ್ತಾನೆ. ಅವನ ಅಂಗಡಿಯಲ್ಲಿ ಎಲ್ಲವೂ ಚೆಲ್ಲಾಪಿಲ್ಲಿ, ಆದರೂ ಯಾವುದು ಎಲ್ಲಿದೆ ಎಂಬುದು ಅವನಿಗೆ ಗೊತ್ತು. ಕೊನೆಯ ಭಾಗದಲ್ಲಿ ಚೈನ್ ಗಾರ್ಡಿನ ತೆಳು ತಗಡನ್ನು ಬಲು ನಾಜೂಕಾಗಿ ಬೆಸೆದುಕೊಡುವ ಒಬ್ಬ ವೆಲ್ಡರ್ ಬರುತ್ತಾನೆ. ನಿರೂಪಕ ಅವನನ್ನು ಮನಸಾರೆ ಹೊಗಳುತ್ತಾನೆ. ಆದರೆ ಇಬ್ಬರೂ ಬಂದು ಹೋಗುವವರು. ಕ್ವಾಲಿಟಿಯ ಬಗ್ಗೆ ನೂರಾರು ಪುಟ ನಡೆಯುವ ವಾಗ್ವಾದದಲ್ಲಿ ಎದುರು ಪಕ್ಷಕ್ಕೆ ಪ್ಲೇಟೋ ಇದ್ದಾನೆ, ಅರಿಸ್ಟಾಟಲ್ ಇದ್ದಾನೆ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿದ್ದಾರೆ. ಆ ವೆಲ್ಡರ್ ಏನನ್ನುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಕ್ವಾಲಿಟಿ ಅವನ ಕೈಯಲ್ಲಿ ಕಾಣಿಸಿಕೊಂಡಿತು, ಅದರ ಬಗೆಗಿನ ಮಾತು ಮಾತ್ರ ಗಿರಾಕಿಯದಾಯಿತು.

2009ರಲ್ಲಿ ಬಂದ ಮ್ಯಾಥ್ಯೂ ಕ್ರಾಫರ್ಡ್ ಅವರ 'ಶಾಪ್ ಕ್ಲಾಸ್ ಆಸ್ ಸೋಲ್‌ಕ್ರಾಫ್ಟ್' ಈ ಕೊರತೆಯನ್ನು ಒಂದಷ್ಟು ತುಂಬುತ್ತದೆ. ಕ್ರಾಫರ್ಡ್ ರಾಜಕೀಯ ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ, ಆಮೇಲೆ ಬೈಕು ರಿಪೇರಿ ಅಂಗಡಿ ತೆರೆದವರು. ಕೈಕೆಲಸದೊಳಗೆ ಬುದ್ಧಿಯಿದೆ ಎಂದು ಅವರು ಸಮರ್ಥವಾಗಿ ವಾದಿಸುತ್ತಾರೆ. ಓದುಗನಾಗಿ ನನಗೆ ಒಂದು ಇರುಸುಮುರುಸು ಉಳಿಯಿತು. ಪಿಎಚ್.ಡಿ. ಆದವರು ಗ್ಯಾರೇಜು ತೆರೆದರೆ ಅದು ಪುಸ್ತಕವಾಗುತ್ತದೆ. ಹನ್ನೆರಡನೆಯ ವಯಸ್ಸಿಗೆ ಗ್ಯಾರೇಜು ಸೇರಿ ಅರವತ್ತರವರೆಗೆ ಅಲ್ಲೇ ಉಳಿದವರದು ಜೀವನವಾಗಿ ಮುಗಿಯುತ್ತದೆ.

3

ಈಗ ಬೈಕಿಗೆ ಬರೋಣ. ಬ್ಯಾಂಟಮ್ ಎಂದರೆ ಇಂಗ್ಲಿಷಿನಲ್ಲಿ ಗಿಡ್ಡ ತಳಿಯ ಕೋಳಿ. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ 1948ರಲ್ಲಿ ಈ ಹೆಸರಿನ ಹಗುರ ಬೈಕನ್ನು ಹೊರತಂದು 1971ರವರೆಗೆ ತಯಾರಿಸಿತು. ಮೊದಲ ಮಾದರಿ ಡಿ1. 123 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಮೂರು ಗೇರು, ಸುಮಾರು ನಾಲ್ಕೂವರೆ ಅಶ್ವಶಕ್ತಿ. ಬ್ರಿಟನ್ನಿನಲ್ಲಿ ಅಂಚೆ ಇಲಾಖೆಯ ತಂತಿ ಹಂಚುವ ಹುಡುಗರು ಕೆಂಪು ಬಣ್ಣದ ಬ್ಯಾಂಟಮ್ ಏರಿ ಓಡಾಡುತ್ತಿದ್ದರು. ದೊಡ್ಡ ಬೈಕು ಕೊಳ್ಳಲಾಗದವರ ಬೈಕು ಇದು.

ಬ್ರಿಟಿಷ್ ಎಂದು ಹೆಸರಾದ ಈ ಬೈಕಿನ ಮೂಲ ಬ್ರಿಟನ್ನಿನಲ್ಲಿಲ್ಲ. ಜರ್ಮನಿಯ ಡಿಕೆಡಬ್ಲ್ಯು ಕಂಪನಿಯ ಆರ್‌ಟಿ125 ಇದರ ತಾಯಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಆ ವಿನ್ಯಾಸ ಯುದ್ಧಪರಿಹಾರವಾಗಿ ಗೆದ್ದವರ ಪಾಲಾಯಿತು. ಬ್ರಿಟನ್ನಿನಲ್ಲಿ ಅದು ಬ್ಯಾಂಟಮ್ ಆಯಿತು, ಅಮೆರಿಕದಲ್ಲಿ ಹಾರ್ಲೆ-ಡೇವಿಡ್ಸನ್‌ನ ಚಿಕ್ಕ ಬೈಕಾಯಿತು, ಸೋವಿಯತ್ ರಷ್ಯದಲ್ಲಿ ಮಾಸ್ಕ್ವಾ ಆಯಿತು. ಮುಂದೆ 1955ರಲ್ಲಿ ಜಪಾನಿನ ಯಮಹಾ ತನ್ನ ಮೊದಲ ಬೈಕನ್ನು ತಯಾರಿಸಿದ್ದೂ ಇದೇ ಮಾದರಿಯನ್ನು ನೋಡಿಕೊಂಡು. ಯುದ್ಧಪರಿಹಾರಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ರೆಪರೇಷನ್' ಮತ್ತು ನಾವು ದಿನಾ ಬಳಸುವ 'ರಿಪೇರಿ' ಒಂದೇ ಲ್ಯಾಟಿನ್ ಬೇರಿನ ಪದಗಳು.

ಬಿಎಸ್‌ಎ ಆ ವಿನ್ಯಾಸವನ್ನು ನಕಲು ಮಾಡುವಾಗ ಒಂದು ಬದಲಾವಣೆ ಮಾಡಿತು. ಗೇರು ಬಲಗಾಲಿಗಿರಬೇಕು ಎಂಬುದು ಆಗಿನ ಬ್ರಿಟಿಷ್ ರೂಢಿ. ಅದಕ್ಕಾಗಿ ಇಡೀ ಎಂಜಿನ್ನನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಾಡಿ ಎರಕ ಹೊಯ್ದರು. ಅನುವಾದದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಬಂದ ಪಠ್ಯವನ್ನು ತನ್ನ ಓದುಗರ ಕಾಲಿನ ಅಭ್ಯಾಸಕ್ಕೆ ತಿರುಗಿಸಿಕೊಂಡ ಅನುವಾದ ಅದು.

ನಮ್ಮ ಮನೆಯ ಬ್ಯಾಂಟಮ್ ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಹಾಸನಕ್ಕೆ ಬಂದು, ಅಲ್ಲಿ ಕೈ ಬದಲಾಗಿ, ನಮ್ಮ ತಾತನ ಕಾಲದಲ್ಲಿ ಕಟ್ಟಾಯಕ್ಕೆ ಬಂತು. ಆಲೂಗಡ್ಡೆ ಮೂಟೆಯನ್ನೂ ಹೊತ್ತಿದೆ, ಹೆರಿಗೆ ನೋವಿನ ಹೊತ್ತಿನಲ್ಲಿ ಸೂಲಗಿತ್ತಿಯನ್ನೂ ಹೊತ್ತಿದೆ. ಇದನ್ನು ರಿಪೇರಿ ಮಾಡುವ ಸಾಬ್ರು ಟೂ-ಸ್ಟ್ರೋಕ್ ಕಲಿತದ್ದು ಜಾವಾದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಪರವಾನಗಿ ಪಡೆದು ತಯಾರಿಸಿತು, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿತು, 1996ರಲ್ಲಿ ಮುಚ್ಚಿತು. ಹಳೇ ಮೈಸೂರು ಸೀಮೆಯಲ್ಲಿ ಆ ಕಾರ್ಖಾನೆ ಬೈಕುಗಳ ಜೊತೆಗೆ ಮೆಕ್ಯಾನಿಕ್ಕುಗಳನ್ನೂ ತಯಾರಿಸಿತು ಎನ್ನಬೇಕು. ಜಾವಾದಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಬ್ಯಾಂಟಮ್‌ನಲ್ಲಿ ಇದು ತಿರುವುಮುರುವು. ಹೀಗೆ ಜರ್ಮನ್ ವಿನ್ಯಾಸದ, ಬ್ರಿಟಿಷ್ ಎರಕದ ಬೈಕೊಂದು ಚೆಕ್ ಎಂಜಿನ್ನಿನಲ್ಲಿ ಪಳಗಿದ ಕೈಯಿಂದ ಹಾಸನದಲ್ಲಿ ಓಡುತ್ತಿದೆ. ಇದರ ಕರ್ತೃ ಯಾರು ಎಂದರೆ ಒಬ್ಬರ ಹೆಸರು ಹೇಳಲಾಗುವುದಿಲ್ಲ.

4

ಸಾಬ್ರ ಕೆಲಸವನ್ನು ಕೈಗುಣ ಎನ್ನುವುದು ಎಷ್ಟು ಸಾಲದು ಎಂಬುದನ್ನು ಒಂದು ರಿಪೇರಿಯ ವಿವರದಿಂದಲೇ ಹೇಳಬೇಕು. ಹೋದ ಬೇಸಿಗೆಯಲ್ಲಿ ಬೈಕು ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಹತ್ತಿಕೊಳ್ಳುತ್ತಿತ್ತು. ಐದಾರು ಕಿಲೋಮೀಟರ್ ಓಡಿದ ಮೇಲೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಮರದ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು.

ಸಾಬ್ರು ಮೊದಲು ಬೈಕು ಓಡಿಸಿ, ಅದು ನಿಲ್ಲುವ ತನಕ ಕಾದರು. ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದರು. ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲು ಇಳಿಯುವುದಿಲ್ಲ. ಆಗ ತೆರೆದೊಡನೆ ಗಾಳಿ ಒಳಗೆಳೆಯುವ ಸದ್ದು ಬರಬೇಕು. ಬರಲಿಲ್ಲ. ಪ್ಲಗ್ ಬಿಚ್ಚಿದರು. ತುದಿ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಅಂದರೆ ಪೆಟ್ರೋಲು ಸಿಲಿಂಡರಿನ ತನಕ ಬರುತ್ತಿದೆ, ಉರಿಯುತ್ತಿಲ್ಲ. ಪ್ಲಗ್ಗನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿ, ನೆರಳು ಮಾಡಿಕೊಂಡು ಕಿಕ್ ಹೊಡೆಸಿದರು. ಕಿಡಿ ಇದ್ದೂ ಇಲ್ಲದಂತೆ ಹಳದಿಯಾಗಿತ್ತು. ಮ್ಯಾಗ್ನೆಟೋ ಕವರು ತೆಗೆದು ಪಾಯಿಂಟ್ ಉಜ್ಜಿ, ಅದರ ಸಂದನ್ನು ಇಂಚಿನ ಸಾವಿರದಲ್ಲಿ 15 ಭಾಗಕ್ಕೆ ಹೊಂದಿಸಿದರು. ಆಟೋರಿಕ್ಷಾದ ಕಂಡೆನ್ಸರ್ ಒಂದನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡಿದರು. ಕಿಡಿ ಹಾಗೇ ಇತ್ತು. ಆಮೇಲೆ ಒಂದು ಟೀ ಕುಡಿದರು. ಎಂಜಿನ್ ತಣ್ಣಗಾಗಿತ್ತು. ಮತ್ತೆ ಕಿಕ್ ಹೊಡೆಸಿದರೆ ಕಿಡಿ ನೀಲಿ!

ಕಾಯಿಲ್ ಹೋಗಿದೆ ಎಂದರು. ಅದರೊಳಗಿನ ಕೂದಲೆಳೆಯಂಥ ತಾಮ್ರದ ತಂತಿಯ ಹೊದಿಕೆ ಹಳತಾಗಿ, ಕಾವೇರಿದಾಗ ವಿದ್ಯುತ್ತು ಸುರುಳಿಯೊಳಗೇ ಸೋರಿಹೋಗುತ್ತಿತ್ತು.

"ಕಾಯಿಲ್ ಅಂತ ಹೆಂಗೆ ಗೊತ್ತಾಯ್ತು ಸಾಬ್ರೇ?"

"ಗೊತ್ತಾಗ್ಲಿಲ್ಲ ಮೇಷ್ಟ್ರೇ. ಬೇರೆ ಯಾವ್ದೂ ಅಲ್ಲ ಅಂತ ಗೊತ್ತಾಯ್ತು, ಅಷ್ಟೇ."

ಪಿರ್ಸಿಗ್ ತಮ್ಮ ಪುಸ್ತಕದಲ್ಲಿ ಬೈಕು ರಿಪೇರಿಯನ್ನು ವೈಜ್ಞಾನಿಕ ವಿಧಾನಕ್ಕೆ ಮಾದರಿಯಾಗಿ ವಿವರಿಸುವ ಅಧ್ಯಾಯವೊಂದಿದೆ. ಸಮಸ್ಯೆಯನ್ನು ಬರೆದುಕೊಳ್ಳಬೇಕು, ಊಹೆಗಳನ್ನು ಪಟ್ಟಿ ಮಾಡಬೇಕು, ಒಂದೊಂದನ್ನೂ ಪ್ರಯೋಗದಿಂದ ಒರೆಗೆ ಹಚ್ಚಬೇಕು. ಸಾಬ್ರು ಮಾಡಿದ್ದು ಅಕ್ಷರಶಃ ಅದನ್ನೇ. ಅವರ ಬಳಿ ನೋಟ್‌ಬುಕ್ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ. ಬರೆದುಕೊಂಡರೆ ವಿಜ್ಞಾನವಾಗುವುದು ಬರೆದುಕೊಳ್ಳದಿದ್ದರೆ ಕೈಗುಣವಾಗುತ್ತದೆ.

ವ್ಯುತ್ಪತ್ತಿಯ ಮಾತೂ ಹೀಗೆಯೇ. ಬ್ಯಾಂಟಮ್‌ನ ನಟ್ಟುಬೋಲ್ಟುಗಳು ಬ್ರಿಟಿಷ್ ಅಳತೆಯವು. ಜೋಸೆಫ್ ವಿಟ್ವರ್ತ್ 1841ರಲ್ಲಿ ರೂಪಿಸಿದ ಮರೆಗಳ ಕೋನ 55 ಡಿಗ್ರಿ, ಮೆಟ್ರಿಕ್ ಮರೆಗಳದು 60. ವಿಟ್ವರ್ತ್ ಸ್ಪ್ಯಾನರಿನ ಮೇಲೆ ಕಾಲು ಇಂಚು ಎಂದು ಬರೆದಿದ್ದರೆ ಅದು ಸ್ಪ್ಯಾನರಿನ ಬಾಯಿಯ ಅಳತೆಯಲ್ಲ, ಬೋಲ್ಟಿನ ಕಾಂಡದ ದಪ್ಪ. ಅದರ ಬಾಯಿ ಸುಮಾರು 13.3 ಮಿಲಿಮೀಟರ್ ಇರುತ್ತದೆ. ಹದಿಮೂರರ ಸ್ಪ್ಯಾನರ್ ಕೂರುವುದಿಲ್ಲ, ಹದಿನಾಲ್ಕರದು ಜಾರಿ ನಟ್ಟಿನ ಮೂಲೆ ತಿಂದುಹಾಕುತ್ತದೆ. ಅವಸರದಲ್ಲಿ ಮೆಟ್ರಿಕ್ ಸ್ಪ್ಯಾನರ್ ಹಾಕಿದವರ ಗುರುತು ಹಳೆಯ ಬೈಕುಗಳ ಮೇಲೆಲ್ಲ ಇರುತ್ತದೆ. ಸಾಬ್ರ ಡಬ್ಬಿಯಲ್ಲಿ ಬ್ರಿಟಿಷ್ ಅಳತೆಯ ಐದು ಸ್ಪ್ಯಾನರುಗಳಿವೆ, ಅವನ್ನು ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಪ್ಲಗ್ಗಿನ ಬಣ್ಣ ನೋಡಿಯೇ ಎಂಜಿನ್ನಿನ ಸ್ಥಿತಿ ಹೇಳುತ್ತಾರೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಸರಿ, ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು, ಬಿಳಿಚಿದ್ದರೆ ಗಾಳಿ ಹೆಚ್ಚು. ಬಿಳಿಚಿದಾಗ ಅವರು ಕಾರ್ಬೊರೇಟರಿಗೆ ಕೈ ಹಾಕುವ ಮುನ್ನ ಕ್ರ್ಯಾಂಕಿನ ಎಣ್ಣೆ ಸೀಲುಗಳನ್ನು ಅನುಮಾನಿಸುತ್ತಾರೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೇ ಪೆಟ್ರೋಲು ಮಿಶ್ರಣವನ್ನು ಮೇಲಕ್ಕೆ ತಳ್ಳುವ ಪಂಪು. ಸೀಲು ಸೋರಿದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಇತ್ತೀಚೆಗೆ ಎಥನಾಲ್ ಬೆರೆಸಿದ ಪೆಟ್ರೋಲು ಬಂದ ಮೇಲೆ ಹಳೆಯ ರಬ್ಬರು ಬೇಗ ಕೆಡುತ್ತದೆ, ಟ್ಯಾಂಕಿನಲ್ಲಿ ನೀರು ಸೇರಿಕೊಳ್ಳುತ್ತದೆ ಎಂದು ಬೈಕನ್ನು ತಿಂಗಳುಗಟ್ಟಲೆ ಪೆಟ್ರೋಲು ತುಂಬಿಸಿ ನಿಲ್ಲಿಸಬಾರದು ಎನ್ನುತ್ತಾರೆ. ಲೋಕಜ್ಞಾನ, ಶಾಸ್ತ್ರಜ್ಞಾನ ಎಂದು ಮೀಮಾಂಸಕರು ಹೇಳಿದ್ದು ಇಂಥದ್ದನ್ನೇ ಅಲ್ಲವೇ?

5

ಕೆಟ್ಟ ಕಾಯಿಲ್ಲಿಗೆ ಸಾಬ್ರು ಕಂಡುಕೊಂಡ ಪರಿಹಾರ ಹೀಗಿತ್ತು. ಮ್ಯಾಗ್ನೆಟೋದೊಳಗಿನ ಸುರುಳಿಯನ್ನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಹೊಸದಾಗಿ ಸುತ್ತಿಸಿದರು. ಕಿಡಿ ಕೊಡುವ ಕಾಯಿಲ್ಲನ್ನು ಹಳೆಯ ಮೊಪೆಡ್ ಒಂದರಿಂದ ತಂದು ಟ್ಯಾಂಕಿನ ಕೆಳಗೆ ಕೂರಿಸಿದರು. ಬೈಕು ಈಗ ಬಿಸಿಲಿನಲ್ಲೂ ನಿಲ್ಲುವುದಿಲ್ಲ. ಹಳೆಯ ಬೈಕುಗಳನ್ನು ಸಂಗ್ರಹಿಸುವ ಪರಿಚಿತರೊಬ್ಬರು ಇದನ್ನು ನೋಡಿ, "ಛೇ, ಒರಿಜಿನಾಲಿಟಿ ಹೋಯ್ತಲ್ಲ" ಎಂದರು. ಇಂಗ್ಲೆಂಡಿನಿಂದ ಬಿಡಿಭಾಗ ತರಿಸಿ, ಮೂಲದ ತಿಳಿಹಸಿರು ಬಣ್ಣ ಬಳಿದು, ಕಾರ್ಖಾನೆಯಿಂದ ಹೊರಬಂದ ದಿನ ಇದ್ದ ಹಾಗೆ ಮಾಡಿಸಿ ಎಂಬುದು ಅವರ ಸಲಹೆ.

ಇಲ್ಲಿ ನನಗೆ ಗ್ರಂಥಸಂಪಾದನೆಯ ಪಾಠಗಳು ನೆನಪಾಗುತ್ತವೆ. ಕನ್ನಡ ಎಂ.ಎ. ಓದಿದವರೆಲ್ಲ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದಿರುತ್ತಾರೆ. ಓಲೆಗರಿಗಳಲ್ಲಿ ಪ್ರತಿಯಿಂದ ಪ್ರತಿಗೆ ಸಾಗಿಬಂದ ಕಾವ್ಯಕ್ಕೆ ಲಿಪಿಕಾರರು ಸ್ಖಾಲಿತ್ಯಗಳನ್ನೂ ತಿದ್ದುಪಡಿಗಳನ್ನೂ ಸೇರಿಸಿರುತ್ತಾರೆ. ಅವನ್ನು ಸೋಸಿ ಕವಿಪಾಠಕ್ಕೆ ಆದಷ್ಟು ಹತ್ತಿರ ಹೋಗುವುದು ಸಂಪಾದಕರ ಕೆಲಸ. ಬೈಕು ಸಂಗ್ರಾಹಕರು ಬಯಸುವುದೂ ಇದನ್ನೇ: ಕಾರ್ಖಾನೆಯ ಪಾಠ. ಆದರೆ ಒಳ್ಳೆಯ ಸಂಪಾದಕರು ಪಾಠಾಂತರಗಳನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಲಿಪಿಕಾರರ ಹೆಸರು, ಊರು, ಪ್ರತಿ ಮಾಡಿ ಮುಗಿಸಿದ ದಿನ ಪುಷ್ಪಿಕೆಯಲ್ಲಿದ್ದರೆ ಅದನ್ನೂ ದಾಖಲಿಸುತ್ತಾರೆ. ಕಾವ್ಯ ನಮ್ಮ ತನಕ ಬಂದದ್ದು ಆ ಕೈಗಳಿಂದ ಎಂಬ ಅರಿವು ಅದು. ಬೈಕನ್ನು 'ಒರಿಜಿನಲ್' ಮಾಡುವಾಗ ಇಂಥ ಅಡಿಟಿಪ್ಪಣಿ ಇರುವುದಿಲ್ಲ. ಐವತ್ತು ಅರವತ್ತು ವರ್ಷ ಅದನ್ನು ಓಡುವಂತೆ ಇಟ್ಟವರ ತಗಡು, ಬೆಸುಗೆ, ಬುಷ್ಷು, ಮೊಪೆಡ್ಡಿನ ಕಾಯಿಲ್ಲು ಎಲ್ಲ ಗುಜರಿಗೆ ಹೋಗುತ್ತವೆ. ಬರ್ಮಿಂಗ್‌ಹ್ಯಾಮಿನಲ್ಲಿ ಕಳೆದ ಒಂದು ದಿನ ಚರಿತ್ರೆಯಾಗುತ್ತದೆ, ಹಾಸನ ಜಿಲ್ಲೆಯಲ್ಲಿ ಕಳೆದ ಅರ್ಧ ಶತಮಾನ ಕೊಳೆಯಾಗುತ್ತದೆ.

ಸಂಗ್ರಾಹಕರ ವಾದವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಕೆಲವು ರಿಪೇರಿಗಳು ನಿಜಕ್ಕೂ ಕೆಟ್ಟ ರಿಪೇರಿಗಳು. ಮರೆ ಸವೆದ ತೂತಿಗೆ ದೊಡ್ಡ ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದ್ದನ್ನು ಸಾಬ್ರೇ ಶಪಿಸುತ್ತಾ ಬಿಡಿಸಿದ್ದಾರೆ. ಲೇತ್ ಕೆಲಸದವರಿಂದ ಬುಷ್ ಮಾಡಿಸಿ ಸರಿಯಾದ ಮರೆ ಕೊರೆಸಿದ್ದಾರೆ. ಎಲ್ಲ ಪಾಠಾಂತರವೂ ಸಮಾನವಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಬಿಡಿಬಿಡಿಯಾಗಿ ನೋಡಿ ತೀರ್ಮಾನಿಸುವುದೇ ವಿಮರ್ಶೆ. ಅದು ಗ್ಯಾರೇಜಿನಲ್ಲಿ ದಿನವೂ ನಡೆಯುತ್ತದೆ.

ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ತಲೆಯ ಮೇಲೆ, ಮಸಿ ಕೆರೆದ ಮೇಲೆ, ಒಂದು ಅಂಕಿ ಕಂಡಿತು: 40. ಸಿಲಿಂಡರನ್ನು ಕೊರೆಸಿ, ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ 40 ಭಾಗ ದಪ್ಪನೆಯ ಪಿಸ್ಟನ್ ಹಾಕಿದ್ದಾರೆ ಎಂದು ಅದರ ಅರ್ಥ. ಯಾರು ಯಾವ ಊರಿನಲ್ಲಿ ಬೋರ್ ಮಾಡಿಸಿದರೋ, ಆ ಲೇತಿನವರ ಕೈಯಿಂದ ಉಳಿದಿರುವ ಪುಷ್ಪಿಕೆ ಅದೊಂದೇ. ಅದರಲ್ಲಿ ಹೆಸರಿಲ್ಲ, ಅಳತೆ ಮಾತ್ರ ಇದೆ.

6

ಕನ್ನಡ ಸಾಹಿತ್ಯಕ್ಕೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಎಂದು ಕೆಲಸವೇ ಹೆಸರಿನ ಭಾಗವಾಯಿತು. ಕೈಕೆಲಸದವರು ತಮ್ಮ ಕೆಲಸದ ಒಳಗಿನಿಂದಲೇ ತತ್ವ ಮಾತಾಡಿದರು, ಇನ್ನೊಬ್ಬರು ಅವರ ಪರವಾಗಿ ಆಡಲಿಲ್ಲ. ಪಿರ್ಸಿಗ್‌ರ ವೆಲ್ಡರಿಗೆ ಸಿಗದ ಜಾಗ ಅದು.

ನಮ್ಮ ಪಕ್ಕದ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ಊರಿನ ಸಾಮಾನ್ಯರನ್ನು ಅವರ ಚಾಳಿ, ಮಾತು, ಹುಸಿಮುನಿಸುಗಳ ಸಮೇತ ಬರೆದರು. ತೇಜಸ್ವಿ ಅವರ 'ಕರ್ವಾಲೋ' ಕಾದಂಬರಿಯಲ್ಲಿ ಈ ವಿಷಯ ಇನ್ನಷ್ಟು ಮುಂದೆ ಹೋಗುತ್ತದೆ. ಅಲ್ಲಿ ವಿಜ್ಞಾನಿ ಕರ್ವಾಲೋ ಮಂದಣ್ಣನನ್ನು ಕಾಣುವ ರೀತಿಯನ್ನು ಗಮನಿಸಿ. ಊರವರ ಕಣ್ಣಿಗೆ ಮಂದಣ್ಣ ಜೇನು ಹಿಡಿದುಕೊಂಡು ಅಲೆಯುವ ಕೆಲಸಕ್ಕೆ ಬಾರದ ಹುಡುಗ. ಕರ್ವಾಲೋಗೆ ಅವನು ಹುಟ್ಟಾ ಪ್ರಕೃತಿ ವಿಜ್ಞಾನಿ. ಕಾದಂಬರಿಯ ನಿರೂಪಕನಿಗೆ ಇದು ಮೊದಲು ಅರ್ಥವಾಗುವುದಿಲ್ಲ. ಮಂದಣ್ಣನ ಅಲೆದಾಟದಲ್ಲಿ ಗಮನಿಸುವಿಕೆ ಇದೆ, ನೆನಪಿದೆ, ಹೋಲಿಸುವ ಬುದ್ಧಿಯಿದೆ ಎಂದು ತಿಳಿಯುತ್ತಾ ಹೋಗುವುದೇ ಅವನ ಕಲಿಕೆ. ಪಿರ್ಸಿಗ್‌ರ ನಿರೂಪಕ ಜ್ಞಾನವನ್ನು ತನ್ನೊಳಗೆ ಹುಡುಕುತ್ತಾನೆ, ತೇಜಸ್ವಿಯವರ ನಿರೂಪಕ ಅದನ್ನು ಇನ್ನೊಬ್ಬನಲ್ಲಿ ಗುರುತಿಸಲು ಕಲಿಯುತ್ತಾನೆ. ನನ್ನ ಮಟ್ಟಿಗೆ ರಿಪೇರಿಯ ಬಗ್ಗೆ ಬರೆಯುವವರಿಗೆ ಎರಡನೆಯದೇ ಹೆಚ್ಚು ಉಪಯೋಗದ ಮಾದರಿ. ಹಾಗೆಂದು 'ಕರ್ವಾಲೋ'ದಲ್ಲೂ ಒಂದು ತೊಡಕಿದೆ. ಮಂದಣ್ಣನಿಗೆ 'ಹುಟ್ಟಾ' ಎಂಬ ವಿಶೇಷಣ ಅಂಟಿಸಿದ ಕೂಡಲೇ ನಾವು ಕೈಗುಣದ ಹತ್ತಿರಕ್ಕೇ ಬಂದುಬಿಡುತ್ತೇವೆ. ಹುಟ್ಟಿನಿಂದ ಬಂದದ್ದಕ್ಕೆ ಸಂಬಳ ಯಾಕೆ, ಶಾಲೆ ಯಾಕೆ, ಹೆಸರು ಯಾಕೆ ಎಂದು ಕೇಳುವ ಸಮಾಜ ನಮ್ಮದು. ಕೆಲಸವನ್ನು ಹುಟ್ಟಿಗೆ ಕಟ್ಟಿಹಾಕಿದ ದೇಶದಲ್ಲಿ ಕುಶಲತೆಯನ್ನು ಹುಟ್ಟುಗುಣವೆಂದು ಹೊಗಳುವಾಗ ಎಚ್ಚರ ಬೇಕು.

ಹಾಗಾದರೆ 'ಕೈಗುಣ' ಪದವನ್ನು ಬಿಟ್ಟುಬಿಡಬೇಕೇ? ಬೇಡ ಅನ್ನಿಸುತ್ತದೆ. ಪಿರ್ಸಿಗ್‌ರ 'ಕ್ವಾಲಿಟಿ'ಯಲ್ಲಿ ಇಲ್ಲದ ಒಂದು ಸಂಗತಿ ಇದರಲ್ಲಿದೆ. 'ನನ್ನ ಕೈಗುಣ ಚೆನ್ನಾಗಿದೆ' ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಉಂಡವರು, ಗುಣವಾದವರು, ಗಾಡಿ ಓಡಿಸಿಕೊಂಡು ಹೋದವರು ಹೇಳಬೇಕು. ಈ ಪದ ಬಳಕೆಯಾಗಬೇಕಾದರೆ ಇಬ್ಬರು ಬೇಕು. ಕ್ವಾಲಿಟಿಯನ್ನು ಒಬ್ಬನೇ ಬೈಕಿನ ಮುಂದೆ ಕೂತು ಅನುಭವಿಸಬಹುದು, ಕೈಗುಣಕ್ಕೆ ಸಾಕ್ಷಿ ಬೇಕು. ಅಂಥ ಸಾಕ್ಷಿಯ ಪದವನ್ನು ಕಳೆದುಕೊಳ್ಳಬಾರದು. ಮಾಡಬೇಕಾದದ್ದು ಅದನ್ನು ಬಿಚ್ಚುವ ಕೆಲಸ. ಕವಿಗೆ ಕೊಟ್ಟ ಮೂರು ಹೇತುಗಳನ್ನೂ ಕೈಗೆ ಕೊಡಬೇಕು. ಈ ಕೈ ಯಾರ ಹತ್ತಿರ ಕಲಿಯಿತು, ಏನೇನು ತಿಳಿದಿದೆ, ಎಷ್ಟು ಸಲ ತಪ್ಪಿ ತಿದ್ದಿಕೊಂಡಿತು ಎಂದು ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು.

ಇದು ತುರ್ತಿನ ಕೆಲಸವೂ ಹೌದು. ಈಗಿನ ಬೈಕುಗಳಿಗೆ ಪಾಯಿಂಟ್ ಇಲ್ಲ, ಕಾರ್ಬೊರೇಟರ್ ಇಲ್ಲ. ದೋಷವನ್ನು ಕಂಪ್ಯೂಟರಿಗೆ ಸಿಕ್ಕಿಸಿ ಓದುತ್ತಾರೆ, ಕೆಟ್ಟ ಭಾಗವನ್ನು ಬಿಚ್ಚದೆ ಬದಲಾಯಿಸುತ್ತಾರೆ. ಸಾಬ್ರ ಗ್ಯಾರೇಜಿನಲ್ಲಿ ಈಗ ಕಲಿಯುವ ಹುಡುಗರಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಹುಡುಗರು ಓದಲಿ ಎಂದೇ ಎಲ್ಲರೂ ಬಯಸಿದ್ದು. 2016ರಲ್ಲಿ ಬಿಎಸ್‌ಎ ಹೆಸರನ್ನು ಭಾರತದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಕೊಂಡುಕೊಂಡಿತು. ಜಾವಾ, ಯೆಜ್ಡಿ ಹೆಸರಿನ ಹೊಸ ಬೈಕುಗಳನ್ನು ಮಾರುತ್ತಿರುವುದೂ ಅದೇ ಕಂಪನಿ. ಹಳೆಯ ಹೆಸರುಗಳಿಗೆ ಒಳ್ಳೆಯ ಬೆಲೆ ಇದೆ. ಆ ಹೆಸರಿನ ಬೈಕುಗಳನ್ನು ಇಷ್ಟು ದಿನ ಓಡಿಸಿದ ತಿಳಿವಳಿಕೆ ಯಾವ ಒಪ್ಪಂದದಲ್ಲೂ ಕೈ ಬದಲಾಗುವುದಿಲ್ಲ, ಅದು ಗೊತ್ತಿರುವವರ ಜೊತೆಗೇ ಹೋಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಹಸ್ತಪ್ರತಿ ಓದಲು, ಪಾಠಾಂತರ ಗುರುತಿಸಲು, ವಕ್ತೃವಿನ ಮಾತನ್ನು ಕೆಡಿಸದೆ ದಾಖಲಿಸಲು ತರಬೇತಿ ಕೊಟ್ಟಿದ್ದಾರೆ. ಜಾನಪದದವರು ಹಾಡನ್ನು, ಕತೆಯನ್ನು ಹೀಗೆ ಸಂಗ್ರಹಿಸಿದರು. ಒಂದು ಎಂಜಿನ್ ಯಾಕೆ ಕಾವೇರಿದಾಗ ಮಾತ್ರ ನಿಲ್ಲುತ್ತದೆ ಎಂದು ಹಂತಹಂತವಾಗಿ ತರ್ಕಿಸುವ ಕನ್ನಡವೂ ಕನ್ನಡವೇ. ನಿಮ್ಮ ಊರಿನ ಗ್ಯಾರೇಜಿಗೆ ಹೋದಾಗ ಸರಿಹೋಯಿತೇ ಎಂದಷ್ಟೇ ಕೇಳಬೇಡಿ, ಹೇಗೆ ಗೊತ್ತಾಯಿತು ಎಂದೂ ಕೇಳಿ.